ಬೀದಿಯ ಫಲಕವೂ ದಂಡದ ಚೀಟಿಯೂ

ಶಾಸನವೆಂಬುದು ಗ್ರಂಥಗಳಲ್ಲಿರುವ ವಸ್ತುವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ವಕೀಲರಿಗೂ ನ್ಯಾಯಾಧಿಪತಿಗಳಿಗೂ ಇದು ನಿಜವಿರಬಹುದು. ಆದರೆ ದಾರಿ ನಡೆಯುವವನಿಗೂ ವಾಹನ ನಡೆಸುವವನಿಗೂ ಶಾಸನವು ಎದುರಾಗುವುದು ಗ್ರಂಥದಲ್ಲಲ್ಲ. ಬೀದಿಯ ಅಂಚಿನ ಕಂಬದ ಮೇಲಿರುವ ಒಂದು ತಗಡಿನ ಫಲಕದಲ್ಲಿ. ಆ ಫಲಕವೇ ಅಲ್ಲಿ ಸರಕಾರದ ನಾಲಗೆ. ಅದು ಸ್ಪಷ್ಟವಾಗಿ ನುಡಿದರೆ ಅದಕ್ಕೆ ವಿಧೇಯನಾಗಿರುವುದು ಪಯಣಿಗನ ಹೊಣೆ. ಅದು ತೊದಲಿದರೆ ಹೊಣೆ ಯಾರದು? ಈ ಪ್ರಶ್ನೆಯು ನನ್ನ ಮನಸ್ಸಿನಲ್ಲಿ ಮೂಡಿದುದು ಐನೂರು ರೂಪಾಯಿಯ ಒಂದು ದಂಡದ ಚೀಟಿಯಿಂದ. ಮನೆಗೊಂದು ವಾಹನವಿರುವ ಈ ಕಾಲದಲ್ಲಿ ಅದರ ವೃತ್ತಾಂತವನ್ನು ಗೃಹಸ್ಥರಾದ ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ.

2022ನೆಯ ಇಸವಿಯ ಮಳೆಗಾಲ ಮುಗಿಯುತ್ತ ಬಂದಿದ್ದ ದಿನಗಳು. ನನ್ನ ಕಣ್ಣಿನ ಪೊರೆಯನ್ನು ವೈದ್ಯರಿಗೆ ತೋರಿಸುವ ಸಲುವಾಗಿ ನನ್ನ ಸೋದರಳಿಯನು ತನ್ನ ಕಾರಿನಲ್ಲಿ ನನ್ನನ್ನು ಪಂಚನಹಳ್ಳಿಯಿಂದ ಒಂದು ಪಟ್ಟಣಕ್ಕೆ ಕರೆದುಕೊಂಡು ಹೋದನು. ಆ ಪಟ್ಟಣದ ಹೆಸರನ್ನು ಹೇಳುವುದಿಲ್ಲ. ಏಕೆಂದರೆ ನಾನು ಹೇಳಲಿರುವ ದೋಷವು ಅದೊಂದೇ ಊರಿನದಲ್ಲ. ಪೇಟೆಯ ದೊಡ್ಡ ಬೀದಿಯಿಂದ ಎಡಕ್ಕೆ ಒಡೆಯುವ ಒಂದು ಸಣ್ಣ ಬೀದಿಯೊಳಕ್ಕೆ ಅಳಿಯನು ಕಾರನ್ನು ತಿರುಗಿಸಿದನು. ಹತ್ತು ಮಾರು ಹೋಗಿದ್ದೆವೊ ಇಲ್ಲವೊ, ಪೊಲೀಸಿನವರೊಬ್ಬರು ಕೈಯೆತ್ತಿ ನಿಲ್ಲಿಸಿದರು.

"ಇದು ಏಕಮುಖ ಸಂಚಾರದ ಬೀದಿ. ಈ ಕಡೆಯಿಂದ ಬರುವ ಹಾಗಿಲ್ಲ. ಬೋರ್ಡು ಹಾಕಿದೆಯಲ್ಲ, ನೋಡಬಾರದೆ ಯಜಮಾನರೆ?" ಎಂದರು. ಮಾತು ಒರಟಾಗಿರಲಿಲ್ಲ. ಕೈಯಲ್ಲಿದ್ದ ಯಂತ್ರದಲ್ಲಿ ಕಾರಿನ ಸಂಖ್ಯೆಯನ್ನು ಒತ್ತುತ್ತ ಐನೂರು ರೂಪಾಯಿ ಜುಲ್ಮಾನೆಯೆಂದು ತಿಳಿಸಿದರು.

ನಾನು ಇಳಿದು ಹಿಂದಕ್ಕೆ ನಡೆದು ನೋಡಿದೆ. ಬೀದಿಯ ಬಾಯಲ್ಲಿದ್ದ ವಿದ್ಯುತ್ ಕಂಬಕ್ಕೆ ತಂತಿಯಿಂದ ಬಿಗಿದಿದ್ದ ಒಂದು ಚೌಕದ ತಗಡು. ಹಿನ್ನೆಲೆ ಹಳದಿ, ಅದರ ಮೇಲೆ ಕಪ್ಪು ಬಣ್ಣದಲ್ಲಿ ಕೈಯಿಂದ ಬರೆದ 'ಏಕಮುಖ ಸಂಚಾರ' ಎಂಬ ಅಕ್ಷರಗಳು, ಕೆಳಗೆ ಅದನ್ನು ಬರೆಸಿಕೊಟ್ಟ ಒಂದು ಅಂಗಡಿಯ ಹೆಸರು. ಅರ್ಧ ಭಾಗದ ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸು ಜೋತುಬಿದ್ದಿತ್ತು. ಯಾವ ಕಡೆಯಿಂದ ಯಾವ ಕಡೆಗೆ ಏಕಮುಖವೆಂಬುದಕ್ಕೆ ಬಾಣದ ಗುರುತೂ ಇರಲಿಲ್ಲ.

ಹಿಂತಿರುಗಿ ಬಂದಾಗ ಅಳಿಯನು ಹಣದ ಚೀಲವನ್ನು ತೆಗೆದಿದ್ದನು. "ಮಾವ, ಕೊಟ್ಟು ಹೋಗಿಬಿಡೋಣ. ಡಾಕ್ಟರು ಹನ್ನೆರಡು ಗಂಟೆಗೆ ಎದ್ದುಬಿಡುತ್ತಾರೆ" ಎಂದನು. ನಾನು ಆ ಪೊಲೀಸಿನವರನ್ನು, ಯಾವ ಪ್ರಕರಣದ ಮೇರೆಗೆ ದಂಡ ಎಂದು ಕೇಳಿದೆ. ಮೋಟಾರು ವಾಹನಗಳ ಅಧಿನಿಯಮದ 119 ಮತ್ತು 177ನೆಯ ಪ್ರಕರಣಗಳೆಂದು ಹೇಳಿ, "ಒಪ್ಪಿಗೆಯಿಲ್ಲದಿದ್ದರೆ ಕೋರ್ಟಿಗೆ ಹೋಗಬಹುದು" ಎಂದರು. ಇದು ಅವರ ಬೆದರಿಕೆಯಲ್ಲ; ಶಾಸನವೇ ತೆರೆದಿಟ್ಟಿರುವ ದಾರಿ. ಸ್ಥಳದಲ್ಲಿಯೇ ಹಣ ಕೊಡುವುದೆಂದರೆ 200ನೆಯ ಪ್ರಕರಣದಂತೆ ಅಪರಾಧವನ್ನು ರಾಜಿ ಮಾಡಿಕೊಂಡಂತೆ. ಅಲ್ಲಿಗೆ ಮೊಕದ್ದಮೆ ಮುಗಿಯಿತು. ಮತ್ತೆ ವಾದಕ್ಕೆ ಅವಕಾಶವಿಲ್ಲ. ಆದರೆ ರಾಜಿಯೆಂಬುದು ಎರಡು ಪಕ್ಷಗಳ ಒಪ್ಪಿಗೆಯಿಂದ ಆಗತಕ್ಕದ್ದು. ಒಪ್ಪದವನು ನ್ಯಾಯಾಧೀಶರ ಮುಂದೆ ಹಾಜರಾಗಿ ತನ್ನ ಮಾತನ್ನು ಹೇಳಬಹುದು. ನಾವು ಚೀಟಿಯನ್ನು ಪಡೆದುಕೊಂಡು, ಹಣ ಕೊಡದೆ, ಅವರಿಗೆ ನಮಸ್ಕರಿಸಿ ವೈದ್ಯರಲ್ಲಿಗೆ ಹೋದೆವು.

ಅಳಿಯನಿಗೆ ಇದು ಮುದುಕನ ಹಟವಾಗಿ ಕಂಡಿತು. ನನಗೂ ಆಗ ನನ್ನ ಪಕ್ಷವೇ ಸರಿಯೆಂಬ ನಿಶ್ಚಯವಿರಲಿಲ್ಲ. ಫಲಕ ಕುರೂಪವಾಗಿತ್ತೆಂದು ಅಪ್ಪಣೆ ಅಪ್ಪಣೆಯಲ್ಲದೆ ಹೋಗುವುದೆ? ಮನೆಗೆ ಬಂದು ಅಧಿನಿಯಮವನ್ನು ತರಿಸಿಕೊಂಡು ಓದಿದೆ.

ಬ್ರಿಟಿಷ್ ಇಂಡಿಯಾದಲ್ಲಿ ಮೋಟಾರು ವಾಹನಗಳಿಗಾಗಿ 1914ರಲ್ಲಿ ಒಂದು ಶಾಸನವಾಯಿತು; 1939ರಲ್ಲಿ ಅದಕ್ಕಿಂತ ವಿಸ್ತಾರವಾದ ಮತ್ತೊಂದು ಬಂದಿತು. ಈಗ ನಡೆಯುತ್ತಿರುವುದು 1988ರ ಅಧಿನಿಯಮ. ಅದು ಜಾರಿಗೆ ಬಂದುದು 1989ನೆಯ ಜುಲೈ 1ರಂದು. ಆಗ 177ನೆಯ ಪ್ರಕರಣದ ಮೊದಲನೆಯ ತಪ್ಪಿಗೆ ದಂಡ 100 ರೂಪಾಯಿಯ ವರೆಗೆ ಇದ್ದಿತು. 2019ರ ತಿದ್ದುಪಡಿಯು ಅದನ್ನು 500ಕ್ಕೆ ಏರಿಸಿತು. ದಂಡ ಏರಿದುದನ್ನು ಎಲ್ಲರೂ ಬಲ್ಲರು. ಆದರೆ ಅದೇ ಶಾಸನವು ದಂಡ ವಿಧಿಸುವವರ ಮೇಲೆಯೂ ಕೆಲವು ಕಟ್ಟುಗಳನ್ನು ಹೊರಿಸಿದೆಯೆಂಬುದನ್ನು ಬಲ್ಲವರು ಕೆಲವರೇ.

ಅವುಗಳಲ್ಲಿ ಮುಖ್ಯವಾದುದು 116ನೆಯ ಪ್ರಕರಣ. ರಸ್ತೆಯ ಸಂಚಾರ ಫಲಕಗಳನ್ನು ನಿಲ್ಲಿಸುವ ಅಧಿಕಾರವು ರಾಜ್ಯ ಸರಕಾರಕ್ಕೂ ಅದು ನಿಯಮಿಸಿದ ಅಧಿಕಾರಿಗೂ ಇದೆ. ಇತರರು ಅಂಥ ಫಲಕವನ್ನು ರಸ್ತೆಯ ಬಳಿ ನಿಲ್ಲಿಸಕೂಡದು. ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಯಾವುದಕ್ಕೆ ಗುರುತು ಗೊತ್ತುಮಾಡಲ್ಪಟ್ಟಿದೆಯೋ ಅದಕ್ಕೆ ನಿಲ್ಲಿಸುವ ಫಲಕವು ಅನುಸೂಚಿಯಲ್ಲಿ ಹೇಳಿದ ಗಾತ್ರ, ಬಣ್ಣ, ಮಾದರಿಗಳಲ್ಲಿಯೇ ಇರತಕ್ಕದ್ದು. ಅದರ ಮೇಲಿನ ಅಕ್ಷರಗಳನ್ನು ದೇಶಭಾಷೆಯ ಲಿಪಿಯಲ್ಲಿಯೂ ಬರೆಯಿಸಲು ಸರಕಾರಕ್ಕೆ ಸ್ವಾತಂತ್ರ್ಯವುಂಟು. ಆದರೆ ಅವು ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಮೂಲದ ಅಕ್ಷರಗಳನ್ನು ಹೋಲಬೇಕು. ಫಲಕವನ್ನು ಮರೆಮಾಡುವ ಜಾಹೀರಾತುಗಳನ್ನು ತೆಗೆಯಿಸುವ ಅಧಿಕಾರವನ್ನು ಪೊಲೀಸ್ ಸೂಪರಿಂಟೆಂಡೆಂಟರಿಗೆ ಕಡಮೆಯಲ್ಲದ ಅಧಿಕಾರಿಗೆ ವಹಿಸಬಹುದೆಂದೂ ಅಲ್ಲಿಯೇ ಹೇಳಿದೆ.

ಇನ್ನು ನಮ್ಮ ಚೀಟಿಯ ಆಧಾರವಾದ 119ನೆಯ ಪ್ರಕರಣ. ಪ್ರತಿಯೊಬ್ಬ ಚಾಲಕನೂ ಕಡ್ಡಾಯದ ಸಂಚಾರ ಫಲಕದ ಸೂಚನೆಗೆ ಅನುಸಾರವಾಗಿ ನಡೆಯಬೇಕೆಂದು ಅದು ವಿಧಿಸುತ್ತದೆ. ಕಡ್ಡಾಯದ ಫಲಕವೆಂದರೆ ಯಾವುದೆಂಬುದನ್ನೂ ಅಲ್ಲಿಯೇ ಹೇಳಿದೆ: ಅನುಸೂಚಿಯ 'ಎ' ಭಾಗದಲ್ಲಿರುವುದು, ಇಲ್ಲವೆ ಅದಕ್ಕೆ ಸಮಾನರೂಪದ್ದು. ಸಮಾನರೂಪವೆಂದರೆ ಕೆಂಪು ಹಿನ್ನೆಲೆಯೋ ಕೆಂಪು ಅಂಚೋ ಉಳ್ಳ ಒಂದು ವೃತ್ತಾಕಾರದ ಬಿಲ್ಲೆ ಇರಬೇಕು. ಅದರಲ್ಲಿ ಚಿತ್ರವೋ ಅಕ್ಷರವೋ ಅಂಕಿಯೋ ಇರಬೇಕು. ಅದು 116ನೆಯ ಪ್ರಕರಣದಂತೆ ನಿಲ್ಲಿಸಿದುದಾಗಿರಬೇಕು. ಇಷ್ಟು ಓದಿದ ಮೇಲೆ ಆ ಹಳದಿಯ ಚೌಕವು ನನ್ನ ಕಣ್ಣ ಮುಂದೆ ಬಂದಿತು. ಅದರಲ್ಲಿ ವೃತ್ತವೂ ಇರಲಿಲ್ಲ, ಕೆಂಪೂ ಇರಲಿಲ್ಲ.

ಇದು ಬರಿಯ ಕೂದಲು ಸೀಳುವ ತರ್ಕವೆಂದು ವಾಚಕರಿಗೆ ತೋರಬಹುದು. ಆದುದರಿಂದ ಫಲಕಕ್ಕೆ ಇಂಥದೇ ಆಕಾರ, ಇಂಥದೇ ಬಣ್ಣ ಎಂದು ಏಕೆ ಕಟ್ಟು ಮಾಡಿದರೆಂಬುದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ನಾಡಿನ ಹಳೆಯ ಎಲ್ಲೆಗಳಲ್ಲಿ ಅಲ್ಲಲ್ಲಿ ನಿಂತಿರುವ ಮುದ್ರೆಯ ಕಲ್ಲುಗಳನ್ನು ಹಲವರು ನೋಡಿರಬಹುದು. ಕೊಡೆ ಕಮಂಡಲುಗಳನ್ನು ಹಿಡಿದ ವಾಮನನ ಆಕೃತಿ ಇದ್ದರೆ ಅದು ಬ್ರಾಹ್ಮಣರಿಗೆ ದಾನವಾದ ಭೂಮಿಯ ಎಲ್ಲೆ. ಲಿಂಗದ ಮುದ್ರೆ ಇದ್ದರೆ ಶಿವಾಲಯಕ್ಕೋ ಶೈವ ಮಠಕ್ಕೋ ಬಿಟ್ಟ ಭೂಮಿಯ ಎಲ್ಲೆ. ಅಕ್ಷರವರಿಯದ ಬೇಸಾಯಗಾರನೂ ದನಗಾಹಿಯೂ ಆ ಮುದ್ರೆಯನ್ನು ನೋಡಿ ಅರ್ಥ ತಿಳಿಯುತ್ತಿದ್ದರು. ಊರೂರಿಗೆ ಒಂದೊಂದು ಚಿತ್ರವನ್ನು ಮನ ಬಂದಂತೆ ಕೆತ್ತಿದ್ದರೆ ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಪದಕ್ಕೆ ಅರ್ಥವು ಬರುವುದು ಸಂಕೇತದಿಂದ ಎಂದು ನೈಯಾಯಿಕರು ಹೇಳುತ್ತಾರೆ. 'ಈ ಶಬ್ದದಿಂದ ಈ ವಸ್ತುವನ್ನು ತಿಳಿಯತಕ್ಕದ್ದು' ಎಂಬ ಕಟ್ಟಳೆಯೇ ಸಂಕೇತ. ಆ ಕಟ್ಟಳೆಯನ್ನು ಮೀರಿ ನನಗೆ ತೋರಿದ ಶಬ್ದವನ್ನು ನಾನು ಆಡಿ, ಕೇಳಿದವನು ತಿಳಿಯಲಿಲ್ಲವೆಂದು ಅವನನ್ನು ದಂಡಿಸಿದರೆ ಅದು ನ್ಯಾಯವಾಗದು.

ಮಾತು ಅರ್ಥವಾಗುವುದಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಅದೇ ಶಾಸ್ತ್ರವು ಹೇಳುತ್ತದೆ. ಪದಗಳು ಒಂದನ್ನೊಂದು ಅಪೇಕ್ಷಿಸಬೇಕು, ಅವುಗಳ ಅರ್ಥಗಳು ಒಂದಕ್ಕೊಂದು ಹೊಂದಬೇಕು, ಅವು ಹತ್ತಿರ ಹತ್ತಿರ ಬರಬೇಕು. ಬೀದಿಯ ಫಲಕಕ್ಕೂ ಇದು ಒಪ್ಪುತ್ತದೆ. 'ಏಕಮುಖ' ಎಂದೊಡನೆ 'ಯಾವ ಕಡೆಗೆ?' ಎಂಬ ಆಕಾಂಕ್ಷೆ ಹುಟ್ಟುತ್ತದೆ. ಬಾಣವಿಲ್ಲದಿದ್ದರೆ ವಾಕ್ಯ ಮುಗಿಯುವುದಿಲ್ಲ. ತಿರುವಿನಲ್ಲಿ ಕಾಣಬೇಕಾದುದು ಫ್ಲೆಕ್ಸಿನ ಹಿಂದೆ ಅಡಗಿದ್ದರೆ ಸನ್ನಿಧಿಯೇ ಇಲ್ಲ.

ಅನುಸೂಚಿಯಲ್ಲಿ ಫಲಕಗಳನ್ನು ಮೂರು ಭಾಗ ಮಾಡಿದ್ದಾರೆ. ಕಡ್ಡಾಯದವು ಬಹುಮಟ್ಟಿಗೆ ದುಂಡಗಿರುತ್ತವೆ. 'ನಿಲ್ಲು' ಎಂಬುದು ಎಂಟು ಮೂಲೆಯದು, 'ದಾರಿ ಬಿಡು' ಎಂಬುದು ತಲೆಕೆಳಗಾದ ತ್ರಿಕೋನ. ಎಚ್ಚರಿಕೆಯವು ಕೆಂಪು ಅಂಚಿನ, ತುದಿ ಮೇಲಾದ ತ್ರಿಕೋನಗಳು: ಮುಂದೆ ತಿರುವು, ಶಾಲೆ, ಉಬ್ಬು ಎಂಬಂಥವು. ಮೂರನೆಯವು ಊರು, ಆಸ್ಪತ್ರೆ, ಪೆಟ್ರೋಲು ಬಂಕುಗಳನ್ನು ತಿಳಿಸುವ ಆಯತಗಳು. ಮೀಮಾಂಸೆಯನ್ನು ಓದಿದವನಿಗೆ ಇದು ಪರಿಚಿತವಾದ ವಿಭಾಗದಂತೆಯೇ ಕಾಣುವುದು. ಮೊದಲನೆಯದು ವಿಧಿ ನಿಷೇಧ, ಎರಡನೆಯದು ಹಿತೋಪದೇಶ, ಮೂರನೆಯದು ವಸ್ತುಕಥನ. ವಾಹನದ ವೇಗದಲ್ಲಿ ಓದುವುದಕ್ಕೆ ಸಮಯವಿಲ್ಲ. ಅಕ್ಷರ ಕಾಣುವುದಕ್ಕೆ ಮುಂಚೆ ಆಕಾರವೂ ಬಣ್ಣವೂ ಕಾಣುತ್ತವೆ. 'ಇದು ಅಪ್ಪಣೆ' ಎಂಬುದು ಅಷ್ಟರಿಂದಲೇ ತಿಳಿಯಬೇಕು.

ಈ ಸಂಕೇತವು ಒಂದು ದೇಶದ್ದೂ ಅಲ್ಲ. ಮೋಟಾರು ಹೊಸದಾಗಿದ್ದ 1909ರಲ್ಲಿಯೇ ಪ್ಯಾರಿಸ್ ನಗರದಲ್ಲಿ ಹಲವು ದೇಶಗಳು ಸೇರಿ, ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ದಾಟು ಎಂಬ ನಾಲ್ಕಕ್ಕೆ ಒಂದೇ ಬಗೆಯ ಗುರುತನ್ನು ಒಪ್ಪಿದುವು. 1931ರಲ್ಲಿ ಜಿನೀವದಲ್ಲಿಯೂ 1968ರಲ್ಲಿ ವಿಯೆನ್ನದಲ್ಲಿಯೂ ಅದು ಬೆಳೆಯಿತು. ವಿಯೆನ್ನದ ಒಪ್ಪಂದಕ್ಕೆ ಭಾರತವು 1980ರಲ್ಲಿ ಸೇರಿತು. ನಮ್ಮಲ್ಲಿ 1934ರಲ್ಲಿ ಹುಟ್ಟಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆಯು ಫಲಕಗಳ ಅಳತೆ, ಎತ್ತರ, ದೂರ ಮೊದಲಾದುವನ್ನು ನಿಶ್ಚಯಿಸಿ, 67 ಎಂಬ ಸಂಖ್ಯೆಯ ಸಂಹಿತೆಯನ್ನು 1977ರಲ್ಲಿ ಪ್ರಕಟಿಸಿತು. ಅದನ್ನು ಹಲವು ಸಲ ಪರಿಷ್ಕರಿಸಿದೆ. ಕೆಂಪು ಬಿಲ್ಲೆಯ ನಡುವೆ ಅಡ್ಡಲಾಗಿ ಒಂದು ಬಿಳಿಯ ಪಟ್ಟಿ ಇದ್ದರೆ 'ಇತ್ತ ಪ್ರವೇಶವಿಲ್ಲ' ಎಂದು ಕಡೂರಿನವನೂ ತಿಳಿಯುವನು, ಕನ್ನಡವರಿಯದ ಪಂಜಾಬಿನ ಲಾರಿಯವನೂ ತಿಳಿಯುವನು. ನಮ್ಮ ಪ್ರಾಂತದ ತೆಂಗಿನಕಾಯಿಗಾಗಿ ಬರುವ ಲಾರಿಗಳ ಚಾಲಕರಲ್ಲಿ ಎಷ್ಟು ಭಾಷೆಯವರಿದ್ದಾರೆಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಇಷ್ಟು ತಿಳಿದ ಮೇಲೆ ನನ್ನ ಹಳೆಯ ಶಿಷ್ಯನಾದ ಒಬ್ಬ ವಕೀಲನನ್ನು ಕಂಡೆವು. ಅವನು ಎಲ್ಲವನ್ನೂ ಕೇಳಿ ಎರಡು ಕೆಲಸಗಳನ್ನು ಹೇಳಿದನು. ಮೊದಲನೆಯದು, ಸ್ಥಳಕ್ಕೆ ಹೋಗಿ ಚಾಲಕನು ಕುಳಿತಿರುವಷ್ಟು ಎತ್ತರದಿಂದ ಹಗಲಿನಲ್ಲಿಯೂ ದೀಪ ಹತ್ತಿದ ಮೇಲೆಯೂ ಛಾಯಾಚಿತ್ರ ತೆಗೆದು, ಫಲಕದ ಉದ್ದಗಲವನ್ನೂ ನೆಲದಿಂದ ಅದರ ಎತ್ತರವನ್ನೂ ಟೇಪಿನಿಂದ ಅಳೆದು ಬರುವುದು. ಎರಡನೆಯದು, 2005ರ ಮಾಹಿತಿ ಹಕ್ಕಿನ ಅಧಿನಿಯಮದಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ, ಆ ಬೀದಿಯನ್ನು ಏಕಮುಖವೆಂದು ಗೊತ್ತುಮಾಡಿದ ಪ್ರಕಟಣೆಯ ಪ್ರತಿಯನ್ನು ಕೇಳುವುದು. ಬೀದಿಯಲ್ಲಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವು 115ನೆಯ ಪ್ರಕರಣದಿಂದ ಬರುತ್ತದೆ. ಅದಕ್ಕೆ ಗೆಜೆಟ್ಟಿನ ಪ್ರಕಟಣೆಯೂ ಬೇಕು, ತಕ್ಕ ಸ್ಥಳದಲ್ಲಿ ತಕ್ಕ ಫಲಕವೂ ಬೇಕು. ಒಂದು ತಿಂಗಳನ್ನು ಮೀರದ ನಿರ್ಬಂಧಕ್ಕೆ ಗೆಜೆಟ್ಟು ಬೇಡ. ಆದರೆ ಅದನ್ನು ಊರಿನಲ್ಲಿ ಪ್ರಚುರಪಡಿಸಲೇಬೇಕು. ಅಂಥ ಅರ್ಜಿಗೆ ಮೂವತ್ತು ದಿನಗಳೊಳಗೆ ಉತ್ತರ ಕೊಡತಕ್ಕದ್ದು. ನಮಗೆ ಬಂದ ಉತ್ತರ ಒಂದೇ ಸಾಲಿನದು: ಕೇಳಿದ ಪ್ರಕಟಣೆ ಕಡತದಲ್ಲಿ ಲಭ್ಯವಿಲ್ಲ.

ಹೊರಡುವಾಗ ವಕೀಲನು ಅಳಿಯನನ್ನು ಕೇಳಿದನು: "ಆ ಬೋರ್ಡು ನಿಮಗೆ ಕಂಡಿತೆ? ಕಾಣಲೇ ಇಲ್ಲವೆಂದಾದರೆ ಮೊಕದ್ದಮೆ ಬಹಳ ಸಲೀಸು." ಅಳಿಯನು "ಇಲ್ಲ" ಎಂದನು. ನಾನು ಅದನ್ನು ನಂಬಿದೆ.

ಹಾಜರಾಗಬೇಕಾದ ದಿನದ ಹಿಂದಿನ ರಾತ್ರಿ ಊಟವಾದ ಮೇಲೆ ಅಳಿಯನು ಜಗಲಿಯಲ್ಲಿ ನನ್ನ ಬಳಿಗೆ ಬಂದು ಕುಳಿತನು. ಬಹಳ ಹೊತ್ತು ಸುಮ್ಮನಿದ್ದು, "ಮಾವ, ಒಂದು ಮಾತು. ಆ ತಗಡು ನನಗೆ ಕಂಡಿತ್ತು. ಅಂಗಡಿಯವರು ಯಾರೋ ತಮ್ಮ ಮುಂದೆ ಗಾಡಿ ನಿಲ್ಲಬಾರದೆಂದು ಹಾಕಿಕೊಂಡಿರಬೇಕೆಂದುಕೊಂಡು ತಿರುಗಿಸಿದೆ. ಕಾಣಲಿಲ್ಲವೆಂದು ವಕೀಲರಿಗೆ ಹೇಳಿಬಿಟ್ಟೆ. ಈಗ ಏನು ಮಾಡಲಿ?" ಎಂದನು.

ನಾನು ತಬ್ಬಿಬ್ಬಾದೆ. ವರ್ಷಗಟ್ಟಲೆ ಮಕ್ಕಳಿಗೆ ಸತ್ಯದ ಪಾಠ ಹೇಳಿದವನಿಗೆ, ಗೆಲ್ಲುವ ಮೊಕದ್ದಮೆಯೊಂದು ಕೈತಪ್ಪೀತೆಂಬ ಭಯ ಒಂದು ಗಳಿಗೆ ಬಂದಿತೆಂಬುದನ್ನು ಮುಚ್ಚಿಡಲಾರೆ. ಕೊನೆಗೆ, "ನಡೆದುದನ್ನು ನಡೆದಂತೆಯೇ ಹೇಳು. ಸೋತರೆ ಐನೂರು ರೂಪಾಯಿ ಕಟ್ಟೋಣ. ಸುಳ್ಳು ಹೇಳಿ ಗೆದ್ದರೆ ಆ ತಗಡಿಗೂ ನಮಗೂ ಏನು ವ್ಯತ್ಯಾಸ? ಎರಡೂ ಖೋಟಾ" ಎಂದೆ. ಬೆಳಗ್ಗೆ ವಕೀಲನಿಗೂ ಇದನ್ನೇ ತಿಳಿಸಿದೆವು. ಅವನು ಸ್ವಲ್ಪ ಹೊತ್ತು ಆಲೋಚಿಸಿ, "ಮೇಷ್ಟ್ರೆ, ಒಂದು ವೇಳೆ ಇದೇ ಒಳ್ಳೆಯದಾದೀತು" ಎಂದನು.

ವಿಚಾರಣೆಯು ಒಂದೇ ದಿನದಲ್ಲಿ ಮುಗಿಯಲಿಲ್ಲ. ಮೂರು ವಾಯಿದೆಗಳಾದುವು. ಎರಡು ಸಲ ಬೆಳಗಿನಿಂದ ಸಂಜೆಯ ವರೆಗೆ ಬೆಂಚಿನ ಮೇಲೆ ಕುಳಿತು ಬಂದೆವು. ಮೂರನೆಯ ದಿನ ಸರಕಾರದ ಕಡೆಯ ವಕೀಲರು ಬಲವಾದ ಒಂದು ಮಾತನ್ನೇ ಹೇಳಿದರು: "ಆ ಬೀದಿ ಏಕಮುಖವೆಂಬುದು ಊರಿಗೆಲ್ಲ ಗೊತ್ತು. ನಿತ್ಯವೂ ನೂರಾರು ಜನ ಅದನ್ನು ಪಾಲಿಸುತ್ತಿದ್ದಾರೆ. ತಗಡಿನ ಬಣ್ಣ ಹಳದಿಯಾಯಿತೆಂದು ಅಪ್ಪಣೆ ಸುಳ್ಳಾಗುವುದೆ?" ನಮ್ಮ ವಕೀಲನು, ಊರಿನವರಿಗೆ ಫಲಕವೇ ಬೇಡವೆಂದೂ ಅದು ಬೇಕಾದುದು ಹೊರಗಿನಿಂದ ಬಂದವನಿಗೆಂದೂ ಉತ್ತರ ಕೊಟ್ಟು, ಛಾಯಾಚಿತ್ರಗಳನ್ನೂ ಮಾಹಿತಿ ಹಕ್ಕಿನ ಉತ್ತರವನ್ನೂ ಮುಂದಿಟ್ಟನು.

ಮ್ಯಾಜಿಸ್ಟ್ರೇಟರು ಅಳಿಯನನ್ನೇ ಕೇಳಿದರು: "ನೀವು ಫಲಕವನ್ನು ನೋಡಿದಿರಾ?"

"ನೋಡಿದೆ, ಸ್ವಾಮಿ. ಒಂದು ತಗಡು ಕಂಡಿತು. ಅದು ಸರಕಾರದ್ದೆಂದು ತಿಳಿಯಲಿಲ್ಲ. ಅಂಗಡಿಯವರದೆಂದುಕೊಂಡೆ."

ಅವರು ಛಾಯಾಚಿತ್ರವನ್ನು ಎತ್ತಿಕೊಂಡು ಮತ್ತೊಮ್ಮೆ ನೋಡಿದರು. ಕೆಳಗಿದ್ದ ಅಂಗಡಿಯ ಹೆಸರನ್ನು ಬಾಯಿಬಿಟ್ಟು ಓದಿದರು. ಅವರ ನಿರ್ಣಯದ ಸಾರಾಂಶವಿಷ್ಟು: ಆ ಫಲಕವು ಅನುಸೂಚಿಯ 'ಎ' ಭಾಗದ್ದೂ ಅಲ್ಲ, ಅದಕ್ಕೆ ಸಮಾನರೂಪದ್ದೂ ಅಲ್ಲ, ಅದನ್ನು ಅಧಿಕಾರವುಳ್ಳವರು ನಿಲ್ಲಿಸಿದರೆಂಬುದಕ್ಕೆ ರುಜುವಾತಿಲ್ಲ, ಆದುದರಿಂದ 119ನೆಯ ಪ್ರಕರಣದ ಅಪರಾಧವು ಸಿದ್ಧವಾಗಲಿಲ್ಲ. 'ಕಾಣಲಿಲ್ಲ' ಎಂದು ಹೇಳಿದ್ದರೆ ನಮ್ಮದು ಬರಿಯ ಅಜಾಗರೂಕತೆಯಾಗಿ ಕಾಣುತ್ತಿತ್ತೋ ಏನೋ. 'ಕಂಡೂ ಅಪ್ಪಣೆಯೆಂದು ತಿಳಿಯಲಿಲ್ಲ' ಎಂಬ ನಿಜವೇ ಫಲಕದ ದೋಷಕ್ಕೆ ಸಾಕ್ಷಿಯಾಯಿತು.

ಇಂಥ ತೀರ್ಪು ಕೆಳಗಿನ ನ್ಯಾಯಾಲಯದ್ದು. ಮತ್ತೊಂದು ಮೊಕದ್ದಮೆಯನ್ನು ಕಟ್ಟಿಹಾಕುವಂಥದಲ್ಲ. ಇದನ್ನು ಹೇಳಲು ಕಾರಣವುಂಟು. ಸುದ್ದಿಯು ಊರಿನಲ್ಲಿ ಹರಡಿದ ಒಂದು ತಿಂಗಳೊಳಗೆ ನೆರೆಯ ತರುಣನೊಬ್ಬನು ಬಂದು, ಶಾಲೆಯೊಂದರ ಮುಂದೆ ಅತಿವೇಗವಾಗಿ ಹೋದುದಕ್ಕೆ ತನಗೂ ದಂಡವಾಗಿದೆಯೆಂದೂ, ಅಲ್ಲಿನ ವೇಗಮಿತಿಯ ಫಲಕವು ಇರಬೇಕಾದುದಕ್ಕಿಂತ ಎರಡು ಅಂಗುಲ ಚಿಕ್ಕದೆಂದೂ, ಬಣ್ಣ ಮಾಸಿದೆಯೆಂದೂ, ತನಗೂ ದಾರಿ ತೋರಿಸಬೇಕೆಂದೂ ಕೇಳಿದನು. "ಅದು ದುಂಡಗಿದೆಯೆ?" ಎಂದೆ. "ಹೌದು." "ಕೆಂಪು ಅಂಚಿದೆಯೆ?" "ಇದೆ." "30 ಎಂಬ ಅಂಕಿ ಓದುವಂತಿದೆಯೆ?" "ಓದಬಹುದು." "ನೀನು ಓದಿದೆಯಾ?" ಅವನು ನಕ್ಕನು. "ಹಾಗಾದರೆ ಹೋಗಿ ಹಣ ಕಟ್ಟು" ಎಂದು ಕಳುಹಿಸಿದೆ.

ಶಾಸನವು 'ಸಮಾನರೂಪದ' ಎಂಬ ಮಾತನ್ನು ಸೇರಿಸಿರುವುದು ಇದಕ್ಕಾಗಿಯೇ. ಇಂಗ್ಲೆಂಡಿನ ನ್ಯಾಯಾಲಯಗಳೂ ಈ ಎರಡು ಅಂಚುಗಳ ನಡುವೆಯೇ ನಡೆದಿವೆ. 1971ರ ಡೇವೀಸ್ ವಿರುದ್ಧ ಹೀಟ್ಲಿ ಎಂಬ ಮೊಕದ್ದಮೆಯಲ್ಲಿ, ರಸ್ತೆಯ ಮೇಲೆ ಎಳೆದ ಬಿಳಿಯ ಗೆರೆಗಳು ನಿಯಮದಲ್ಲಿ ಹೇಳಿದ ಮಾದರಿಯವಲ್ಲವಾದುದರಿಂದ ಚಾಲಕನು ಅಪರಾಧಿಯಲ್ಲವೆಂದು ನಿರ್ಣಯವಾಯಿತು. 1984ರಲ್ಲಿ ವರದಿಯಾದ ಕಾಟರಿಲ್ ವಿರುದ್ಧ ಚಾಪ್‌ಮನ್ ಎಂಬುದರಲ್ಲಿ, ಗೆರೆಗಳ ಅಳತೆಯಲ್ಲಿದ್ದ ಅತ್ಯಲ್ಪವಾದ ವ್ಯತ್ಯಾಸವು ಲೆಕ್ಕಕ್ಕೆ ಬಾರದೆಂದು ಹೇಳಿದರು. ಯಾವ ದೋಷದಿಂದ ಅರ್ಥವೇ ಕೆಡುವುದೋ ಅದು ದೋಷ. ಯಾವುದರಿಂದ ಅರ್ಥ ಕೆಡದೋ ಅದು ನೆಪ.

ಆದಕಾರಣ ದಂಡದ ಚೀಟಿ ಬಂದಾಗ ಗೃಹಸ್ಥನು ಮೊದಲು ತನ್ನನ್ನೇ ಕೇಳಿಕೊಳ್ಳತಕ್ಕ ಪ್ರಶ್ನೆ, 'ಫಲಕ ಶಾಸನಬದ್ಧವಾಗಿದೆಯೆ?' ಎಂಬುದಲ್ಲ; 'ಅದು ಹೇಳಿದುದು ನನಗೆ ಅರ್ಥವಾಗಿತ್ತೆ?' ಎಂಬುದು. ಅರ್ಥವಾಗಿದ್ದೂ ಮೀರಿದ್ದರೆ ಹಣ ಕೊಡುವುದೇ ಧರ್ಮ. ಆಗ ಶಾಸನವು ಬಿಟ್ಟರೂ ಮನಸ್ಸು ಬಿಡಬಾರದು. ಅರ್ಥವಾಗುವ ಹಾಗೆ ಇರಲಿಲ್ಲವಾದರೆ, ಜಗಳವಾಡದೆ, ಬೀದಿಯಲ್ಲಿ ಬಿಸಿಲಲ್ಲಿ ನಿಂತ ಪೊಲೀಸಿನವರನ್ನು ಬೈಯದೆ, ಚೀಟಿಯನ್ನು ತೆಗೆದುಕೊಂಡು ನ್ಯಾಯಾಧೀಶರ ಮುಂದೆ ಹೇಳುವುದು ಧರ್ಮ. ಆ ಫಲಕವನ್ನು ಬರೆದವರು ಆ ಪೊಲೀಸಿನವರಲ್ಲ.

ಲೆಕ್ಕ ಹಾಕಿದರೆ ನಮಗೆ ನಷ್ಟವೇ. ವಕೀಲನು ಗುರುದಕ್ಷಿಣೆಯೆಂದು ಹೇಳಿ ಶುಲ್ಕ ಮುಟ್ಟಲಿಲ್ಲ. ಆದರೂ ಮೂರು ವಾಯಿದೆಗಳ ಪ್ರಯಾಣಕ್ಕೂ ಛಾಯಾಚಿತ್ರಗಳಿಗೂ ಐನೂರಕ್ಕಿಂತ ಹೆಚ್ಚೇ ವೆಚ್ಚವಾಯಿತು. ಅಳಿಯನು ಮೂರು ದಿನದ ಕೆಲಸ ಕಳೆದುಕೊಂಡನು. ಇದನ್ನು ತಿಳಿದೇ ಎಲ್ಲರೂ ಹಣ ಕೊಟ್ಟು ಹೋಗುತ್ತಾರೆ. ಎಲ್ಲರೂ ಕೊಟ್ಟು ಹೋಗುವುದರಿಂದಲೇ ಆ ತಗಡು ಅಲ್ಲಿಯೇ ಉಳಿಯುತ್ತದೆ.

ಉಳಿದರೇನು ಎನ್ನುವವರಿಗೆ ಒಂದು ಅಂಕಿಯನ್ನು ಹೇಳುತ್ತೇನೆ. ಕೇಂದ್ರ ಸರಕಾರದ ವರದಿಯಂತೆ 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಅಪಘಾತದಿಂದ ಸತ್ತವರು 1,68,491 ಮಂದಿ. ಇವರೆಲ್ಲರೂ ಕೆಟ್ಟ ಫಲಕಗಳಿಂದ ಸತ್ತರೆಂದು ನಾನು ಹೇಳುವುದಿಲ್ಲ. ಆದರೆ ಎದುರಿನಿಂದ ವಾಹನ ಬರುವ ಬೀದಿಯೊಳಕ್ಕೆ ಅಪರಿಚಿತನನ್ನು ಬಿಡುವ ಫಲಕವು ಬರಿಯ ದಂಡಕ್ಕೆ ಮಾತ್ರ ಕಾರಣವಾಗುತ್ತದೆಂಬ ನಂಬಿಕೆ ಏನು? ಆ ದಿನ ನಮಗೆ ಅಡ್ಡ ಬಂದುದು ಒಂದು ಕೈ, ಲಾರಿಯೂ ಬರಬಹುದಾಗಿತ್ತು.

ಫಲಕಗಳನ್ನು ಮುಚ್ಚುವ ಫ್ಲೆಕ್ಸುಗಳ ವಿಷಯದಲ್ಲಿ ನಾವು ಗೃಹಸ್ಥರೂ ನಿರಪರಾಧಿಗಳಲ್ಲ. ಸಾರ್ವಜನಿಕ ಸ್ಥಳಗಳ ವಿರೂಪವನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದ ಒಂದು ಶಾಸನವಿದೆ. ಆದರೂ ಮಗನ ಮದುವೆಗೂ ಮೊಮ್ಮಗನ ನಾಮಕರಣಕ್ಕೂ ಕಂಬ ಕಂಬಕ್ಕೆ ಭಾವಚಿತ್ರಗಳನ್ನು ಕಟ್ಟಿಸುವವರು ನಮ್ಮಂಥ ಮನೆಯವರೇ. ಅದನ್ನು ಕಟ್ಟುವ ಮೊದಲು ಹಿಂದೆ ಏನಿದೆಯೆಂದು ನೋಡುವುದಕ್ಕೆ ಯಾವ ಖರ್ಚೂ ಇಲ್ಲ.

ಈಚೆಗೆ ನನ್ನ ಇನ್ನೊಂದು ಕಣ್ಣಿನ ಸಲುವಾಗಿ ಅದೇ ಪಟ್ಟಣಕ್ಕೆ ಹೋಗಿದ್ದೆವು. ಆ ಬೀದಿಯ ಬಾಯಲ್ಲಿ ಈಗ ಪ್ರತ್ಯೇಕವಾದ ಕಬ್ಬಿಣದ ಕಂಬ ನಿಂತಿದೆ. ಅದರ ಮೇಲೆ ಕೆಂಪು ಬಿಲ್ಲೆ, ನಡುವೆ ಬಿಳಿಯ ಪಟ್ಟಿ. ನಮ್ಮ ಮೊಕದ್ದಮೆಯಿಂದ ಬಂದಿತೋ ತಾನಾಗಿ ಬಂದಿತೋ ತಿಳಿಯದು. ಪೊರೆ ತೆಗೆದ ಕಣ್ಣಿಗೆ ಅದು ದೂರದಿಂದಲೇ ಚೆನ್ನಾಗಿ ಕಂಡಿತು. ಬೀದಿಯಲ್ಲಿ ಪೊಲೀಸಿನವರು ಯಾರೂ ಇರಲಿಲ್ಲ. ಅಳಿಯನು ಕಾರನ್ನು ನಿಧಾನಿಸಿ, ಅದನ್ನು ನೋಡಿ, ನೇರವಾಗಿ ಮುಂದಕ್ಕೆ ಹೋಗಿ, ಊರನ್ನು ಅರ್ಧ ಸುತ್ತಿಕೊಂಡು ವೈದ್ಯರ ಬಾಗಿಲಿಗೆ ತಂದು ನಿಲ್ಲಿಸಿದನು.